ಅರಿಸಿನದ ಸಾಕ್ಷಿ

ಬೆರಳು ಕುಯ್ದುಕೊಂಡ ಮಗುವಿನ ಗಾಯಕ್ಕೆ ಅರಿಸಿನದ ಪುಡಿಯನ್ನು ಒತ್ತುವ ಅಜ್ಜಿಗೆ ತಾನೊಂದು ಶಾಸ್ತ್ರವನ್ನು ಪ್ರಯೋಗಿಸುತ್ತಿದ್ದೇನೆಂಬ ಭಾವನೆ ಇರುವುದಿಲ್ಲ. ಅದನ್ನು ಎಲ್ಲಿ ಓದಿದೆಯೆಂದು ಆಕೆಯನ್ನು ಯಾರೂ ಕೇಳುವುದಿಲ್ಲ. ಎಲ್ಲರೂ ಬಲ್ಲ ಸಂಗತಿಗೆ ಆಧಾರವೇಕೆ? ಆದರೆ 1995ರ ಮಾರ್ಚ್ ತಿಂಗಳಲ್ಲಿ, ಗಾಯ ಮಾಯಿಸಲು ಅರಿಸಿನವನ್ನು ಬಳಸುವ ವಿಧಾನಕ್ಕೆ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರವು ಪೇಟೆಂಟು ಪಡೆದಾಗ, ಆ ಆಧಾರವನ್ನೇ ಹುಡುಕಬೇಕಾಯಿತು.

ಪೇಟೆಂಟಿಗೆ ಮೊದಲ ಅರ್ಹತೆ ಹೊಸತನ. ಅದನ್ನು ಪರಿಶೀಲಿಸುವ ಅಧಿಕಾರಿಗೆ ಹಿಂದಿನ ಪೇಟೆಂಟುಗಳು ಸುಲಭವಾಗಿ ಸಿಗುತ್ತವೆ. ಆದರೆ ಮನುಷ್ಯನ ಅರಿವಿನ ಬಹುಪಾಲು ಎಂದೂ ಪೇಟೆಂಟು ಕಚೇರಿಯ ಮೆಟ್ಟಿಲು ಹತ್ತಿದುದಲ್ಲ. ಅದು ವಿದ್ವತ್ಪತ್ರಿಕೆ, ಮಹಾಪ್ರಬಂಧ, ಹಳೆಯ ಗ್ರಂಥಗಳಲ್ಲಿ ಹರಡಿಕೊಂಡಿದೆ. ಅಂದಿನ ಅಮೆರಿಕದ ಕಾನೂನಿನಂತೆ ಪರದೇಶದ ಬರಿಯ ರೂಢಿಗೆ ಮನ್ನಣೆಯಿರಲಿಲ್ಲ. ಅಚ್ಚಾದ ಬರಹಕ್ಕೆ ಇತ್ತು. ಆದ್ದರಿಂದ ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು 1996ರಲ್ಲಿ ಮರುಪರಿಶೀಲನೆ ಕೋರಿದಾಗ 32 ಲಿಖಿತ ಆಧಾರಗಳನ್ನು ಮುಂದಿಟ್ಟಿತು. ಅವುಗಳಲ್ಲಿ ಸಂಸ್ಕೃತ, ಹಿಂದಿ, ಉರ್ದು ಗ್ರಂಥಗಳಿದ್ದವು. ಭಾರತೀಯ ವೈದ್ಯಸಂಘದ ಪತ್ರಿಕೆಯಲ್ಲಿ 1953ರಲ್ಲಿ ಪ್ರಕಟವಾದ ಲೇಖನವೂ ಇತ್ತು. 1997ರಲ್ಲಿ ಅಮೆರಿಕದ ಕಚೇರಿ ಆ ಹಕ್ಕುಗಳನ್ನು ತಳ್ಳಿಹಾಕಿತು.

ಇಲ್ಲಿ ಗೆದ್ದುದು ಪ್ರಾಚೀನತೆಯ ಅಭಿಮಾನವಲ್ಲ, ಪುಟ ಸಂಖ್ಯೆ. ಅರಿಸಿನ ಮಂಗಳಕರವೆಂದೋ ಕಾಂತಿವರ್ಧಕವೆಂದೋ ಹೇಳುವ ನೂರು ಪದ್ಯಗಳು ಈ ವ್ಯಾಜ್ಯದಲ್ಲಿ ನಿಷ್ಪ್ರಯೋಜಕ. ಯಾವ ವಸ್ತು, ಯಾವ ರೂಪದಲ್ಲಿ, ಯಾವ ವ್ಯಾಧಿಗೆ ಎಂಬುದನ್ನು ಬರಹ ಸ್ಪಷ್ಟಪಡಿಸಬೇಕು. ಅದು ಅರ್ಜಿಗಿಂತ ಮೊದಲೇ ಪ್ರಕಟವಾಗಿರಬೇಕು. ಪರೀಕ್ಷಕನಿಗೆ ತಿಳಿಯುವ ಭಾಷೆಗೆ ಬರಬೇಕು. ಕಾಲ ಯಾವುದು, ಶುದ್ಧಪಾಠ ಯಾವುದು, ಈ ಶಬ್ದ ಯಾವ ಗಿಡವನ್ನು ಹೇಳುತ್ತದೆ—ಇವೆಲ್ಲ ಗ್ರಂಥಸಂಪಾದಕನ ನಿತ್ಯದ ಪ್ರಶ್ನೆಗಳೇ ಅಲ್ಲವೆ?

ಕನ್ನಡಕ್ಕೆ ಈ ಸಾಮಗ್ರಿಯ ಕೊರತೆಯಿಲ್ಲ. ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ' (ಸು. 1025) ವೃಕ್ಷಾಯುರ್ವೇದ, ಸುಗಂಧದ್ರವ್ಯ, ಪಾಕ, ಪಶುವೈದ್ಯಗಳನ್ನು ಹೇಳುತ್ತದೆ, ಮೊದಲನೆಯ ಮಂಗರಾಜನ 'ಖಗೇಂದ್ರಮಣಿದರ್ಪಣ' (ಸು. 1360) ವಿಷಚಿಕಿತ್ಸೆಗೇ ಮೀಸಲಾದುದು. ಸ್ವಾರಸ್ಯವೆಂದರೆ, ಇವೆರಡನ್ನೂ ಅಚ್ಚಿನ ಬೆಳಕಿಗೆ ತಂದುದರಲ್ಲಿ ಮದರಾಸಿನ ಪಾಲು ದೊಡ್ಡದು: 'ಖಗೇಂದ್ರಮಣಿದರ್ಪಣ'ವನ್ನು 1942ರಲ್ಲಿ ಮದರಾಸು ವಿಶ್ವವಿದ್ಯಾಲಯ, 'ಲೋಕೋಪಕಾರ'ವನ್ನು 1950ರಲ್ಲಿ ಅಲ್ಲಿನ ಸರಕಾರಿ ಪ್ರಾಚ್ಯ ಹಸ್ತಪ್ರತಿ ಮಾಲೆ ಪ್ರಕಟಿಸಿದವು. ಎಚ್. ಶೇಷ ಅಯ್ಯಂಗಾರರು ಎರಡರ ಸಂಪಾದನೆಯಲ್ಲೂ ದುಡಿದರು. ಪೇಟೆಂಟಿನ ಮಾತು ಅವರ ಮನಸ್ಸಿನಲ್ಲಿ ಇದ್ದಿರಲಾರದು. ಆದರೂ ಅವರು ಸಿದ್ಧಪಡಿಸಿದುದು ದಿನಾಂಕವುಳ್ಳ ಸಾಕ್ಷ್ಯವನ್ನು. 2006ರಲ್ಲಿ ಸಿಕಂದರಾಬಾದಿನ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಷನ್ 'ಲೋಕೋಪಕಾರ'ದ ಇಂಗ್ಲಿಷ್ ಅನುವಾದವನ್ನು ಹೊರತಂದುದರಿಂದ ಅದು ಕನ್ನಡವರಿಯದವರ ಕಣ್ಣಿಗೂ ಬಿತ್ತು.

ಅರಿಸಿನದ ಪ್ರಕರಣದ ಪಾಠದಿಂದ 2001ರಲ್ಲಿ ಆರಂಭವಾದ ಸಾಂಪ್ರದಾಯಿಕ ಜ್ಞಾನದ ಗಣಕೀಕೃತ ಗ್ರಂಥಾಲಯವು ದೇಶದ ವೈದ್ಯಗ್ರಂಥಗಳ ಯೋಗಗಳನ್ನು ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನಿ ಭಾಷೆಗಳಲ್ಲಿ ಪರೀಕ್ಷಕರಿಗೆ ಒದಗಿಸುತ್ತಿದೆ. ಅದರ ಮೂಲಭಾಷೆಗಳೆಂದು ಸಾಮಾನ್ಯವಾಗಿ ಹೆಸರಿಸಲಾಗುವ ಸಂಸ್ಕೃತ, ಅರಬಿ, ಪಾರಸಿ, ಉರ್ದು, ತಮಿಳುಗಳ ಸಾಲಿನಲ್ಲಿ ಕನ್ನಡ ಕಾಣುವುದಿಲ್ಲ. 2013ರಿಂದ ಅಮೆರಿಕದ ಕಾನೂನು ಪರದೇಶದ ಬಳಕೆಯನ್ನೂ ಒಪ್ಪುತ್ತದೆ, ನಿಜ. ಆದರೆ ಬರಹವಿಲ್ಲದ ಬಳಕೆಯನ್ನು ಸಾಬೀತುಪಡಿಸುವುದು ಇಂದಿಗೂ ಕಷ್ಟವೇ.

ಕಾವ್ಯದಷ್ಟು ರಸವಿಲ್ಲವೆಂದು ವೈದ್ಯದ ಓಲೆಗಳನ್ನು ಬದಿಗಿಡುವ ವಾಡಿಕೆ ಕನ್ನಡ ಅಧ್ಯಯನದಲ್ಲಿ ಹಳೆಯದು. ಚೆನ್ನೈಯಲ್ಲಾಗಲಿ ಮುಂಬಯಿಯಲ್ಲಾಗಲಿ ಒಬ್ಬ ಸಂಶೋಧನ ವಿದ್ಯಾರ್ಥಿಯು ಅಂಥದೊಂದು ಕಟ್ಟನ್ನು ಬಿಚ್ಚಿ, ಪಾಠಾಂತರ ಗುರುತಿಸಿ, ಗಿಡಮೂಲಿಕೆಗಳ ಹೆಸರನ್ನು ಸಸ್ಯಶಾಸ್ತ್ರಜ್ಞರೊಡನೆ ಕುಳಿತು ನಿಶ್ಚಯಿಸಿ, ಅನುವಾದದೊಡನೆ ಅಚ್ಚುಮಾಡಿದರೆ, ಅಜ್ಜಿಯ ಪರವಾಗಿ ಮಾತಾಡಬಲ್ಲ ಪುಟವೊಂದು ಹೆಚ್ಚಾಗುತ್ತದೆ.