ನೀಳಬಿಲ್ಲಿನ ಕೆತ್ತನೆ
ಇಂಗ್ಲೆಂಡಿನ ಪುರಾತನ ನೀಳಬಿಲ್ಲನ್ನು ಮನೆಯ ಪುಟ್ಟ ಕಾರ್ಯಾಗಾರದಲ್ಲಿ ಇಂದಿಗೂ ಕೈಯಿಂದಲೇ ಕೆತ್ತುವವರಿರುವರೆಂಬುದು ನನಗೆ ಪರಮ ಸಂತೋಷದ ಸಂಗತಿ. ಸೆಳೆತವನ್ನು ಸಹಿಸುವ ಬಿಳಿಯ ಹೊರಮರವು ಬಿಲ್ಲಿನ ಬೆನ್ನಾಗಿಯೂ, ಒತ್ತಡವನ್ನು ತಾಳುವ ಕೆಂಪು ಚೇಗು ಹೊಟ್ಟೆಯಾಗಿಯೂ ಒಂದೇ ಕಾಂಡದೊಳಗೆ ನಿಸರ್ಗದಿಂದಲೇ ಬೆಸೆದು ಬಂದಿರುವ ಕಾರಣ, ಯೂ ಎಂಬ ನಿತ್ಯಹಸುರಿನ ವೃಕ್ಷವು ಈ ಕಾರ್ಯಕ್ಕೆ ಸರ್ವೋತ್ತಮವೆನಿಸಿತು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲ್ಪಟ್ಟ ‘ಮೇರಿ ರೋಸ್’ ಯುದ್ಧನೌಕೆಯೊಡನೆ ದೊರೆತ ನೂರಕ್ಕೂ ಮಿಕ್ಕ ನೀಳಬಿಲ್ಲುಗಳು ಈ ಮರದವೇ. ಆದರೂ ನನ್ನ ಗೌರವ ಸಲ್ಲುವುದು ಮರಕ್ಕಿಂತ ಹೆಚ್ಚಾಗಿ ಅದನ್ನು ಕೆತ್ತುವ ಕೈಗಳ ತಾಳ್ಮೆಗೆ: ಹೆದೆಯನ್ನು ತುಸುತುಸುವೇ ಸೆಳೆದು, ಬಿಲ್ಲಿನ ಎರಡು ತೋಳುಗಳ ಬಾಗನ್ನು ದೂರದಿಂದ ವೀಕ್ಷಿಸಿ, ಬಿರುಸಾಗಿ ನಿಂತೆಡೆಯಲ್ಲಿ ಮಾತ್ರ ಹೊಟ್ಟೆಯ ಕಡೆಯಿಂದ ಹೆರೆದು, ಬೆನ್ನಿನ ಎಳೆ ಎಲ್ಲಿಯೂ ಕಡಿಯದಂತೆ ಕಾಪಾಡುತ್ತ ಅವು ದಿನಗಟ್ಟಲೆ ದುಡಿಯುತ್ತವೆ.