ಪೀಲಿ ಭೂಶಿರದಲ್ಲಿ ಒಂದು ದಿನ

ನಮ್ಮ ನುಡಿಯಲ್ಲಿ ಪೀಲಿಯೆಂದರೆ ನವಿಲುಗರಿ. ಕೆನಡಾ ದೇಶದಲ್ಲಿಯೂ ಒಂದು ಪೀಲಿಯುಂಟು. ಆದರೆ ಅದರ ಅರ್ಥವೇ ಬೇರೆ. ಈರೀ ಸರೋವರದೊಳಕ್ಕೆ ಚಾಚಿಕೊಂಡಿರುವ ಈ ಭೂಶಿರದ ಮೂಡಣ ಅಂಚು ಮರಗಳಿಲ್ಲದೆ ಬೋಳಾಗಿದ್ದುದನ್ನು ಕಂಡು ಫ್ರೆಂಚರು ಆ ಹೆಸರನ್ನಿಟ್ಟರು. ಹೆಸರು ಬೋಳಾದರೂ ಇಲ್ಲಿ ಗರಿಗಳಿಗೆ ಕೊರತೆಯಿಲ್ಲ. ಇದುವರೆಗೆ ೩೯೦ಕ್ಕೂ ಹೆಚ್ಚು ಜಾತಿಯ ಪಕ್ಷಿಗಳು ಇಲ್ಲಿ ಕಂಡುಬಂದಿವೆ. ಆದುದರಿಂದ ನಮ್ಮ ಅರ್ಥವೂ ಈ ಸ್ಥಳಕ್ಕೆ ಒಪ್ಪದೆ ಇಲ್ಲ.

ಮೇ ತಿಂಗಳ ಮಧ್ಯದ ಒಂದು ದಿನ, ಇನ್ನೂ ಕತ್ತಲಿರುವಾಗಲೇ, ಬುತ್ತಿ ಕಟ್ಟಿಕೊಂಡು ವಿಂಡ್ಸರ್ ನಗರದಿಂದ ಮೋಟಾರಿನಲ್ಲಿ ಹೊರಟೆವು. ಟೊಮೇಟೊ ಬೆಳೆಗೆ ಹೆಸರಾದ ಲೀಮಿಂಗ್ಟನ್ ಊರನ್ನು ದಾಟುತ್ತಲೇ ವನದ ಬಾಗಿಲು ಬಂದಿತು. ೧೯೧೮ರಲ್ಲಿ ಸ್ಥಾಪಿತವಾದ ಈ ರಾಷ್ಟ್ರೀಯ ವನದ ವಿಸ್ತಾರ ಸುಮಾರು ೧೫ ಚದರ ಕಿಲೋಮೀಟರ್ ಮಾತ್ರ. ಅದರಲ್ಲಿಯೂ ಮೂರರಲ್ಲಿ ಎರಡು ಪಾಲು ಜೌಗು. ಆದರೆ ಕೆನಡಾದ ಮುಖ್ಯಭೂಮಿಯ ಅತ್ಯಂತ ದಕ್ಷಿಣದ ತುದಿ ಇದೇ ಆಗಿದೆ.

ಆ ತುದಿಯಲ್ಲಿ ಪೂರ್ವದ ಅಲೆಗಳೂ ಪಶ್ಚಿಮದ ಅಲೆಗಳೂ ಎದುರುಬದುರಾಗಿ ಬಂದು ಕೂಡುತ್ತವೆ. ಎರಡು ನೀರು ಸೇರುವ ಸ್ಥಳವನ್ನು ಕಂಡರೆ ನಮ್ಮವರ ಮನಸ್ಸು ಸುಮ್ಮನಿರುವುದುಂಟೆ? ಮೀಯದಿದ್ದರೂ ಕಾಲನ್ನಾದರೂ ತೊಳೆಯೋಣವೆಂದು ಪಾದರಕ್ಷೆಗಳನ್ನು ಕಳಚಿದೆವು. ಅಷ್ಟರಲ್ಲಿ, ಇಲ್ಲಿ ನೀರಿಗೆ ಇಳಿಯಕೂಡದೆಂಬ ಫಲಕವು ಕಣ್ಣಿಗೆ ಬಿದ್ದಿತು. ಮೊದಲು ಕೊಂಚ ಅಸಮಾಧಾನವಾದುದು ನಿಜ. ಆದರೆ ಇಲ್ಲಿಯ ಸೆಳೆತವು ಈಜು ಬಲ್ಲವರನ್ನೂ ಎಳೆದೊಯ್ಯತಕ್ಕದ್ದು. ಮರಳಿನ ನೆಲೆಯೂ ಸ್ಥಿರವಾದುದಲ್ಲ. ಒಂದು ಬಿರುಗಾಳಿ ಬೀಸಿದರೆ ತುದಿಯ ಆಕಾರವೇ ಬದಲಾಗುತ್ತದೆ. ನಮ್ಮ ಬಾಲಕನಾದರೋ ಫಲಕವನ್ನು ಲೆಕ್ಕಿಸದೆ ನಾಲ್ಕು ಹೆಜ್ಜೆ ಓಡಿಯೇ ಬಿಟ್ಟಿದ್ದನು. ಅವನ ಕೈಯನ್ನು ಹಿಡಿದೆಳೆದಾಗ ನಮ್ಮ ಎದೆ ಬಡಿದುಕೊಳ್ಳುತ್ತಿತ್ತು.

ಹಿಂದಿರುಗಿ ನೋಡಿದರೆ, ಮೂರು ಮಾರು ದೂರದಲ್ಲಿ, ಮರಳಿನ ಮೇಲೆ, ಒಂದು ಪುಟ್ಟ ಹಕ್ಕಿ! ಹಳದಿಯ ಎದೆ, ಅದರ ಮೇಲೆ ಕರಿಯ ಗೀರುಗಳ ಹಾರ. ರೆಕ್ಕೆಗಳನ್ನು ಇಳಿಬಿಟ್ಟು ಕಣ್ಣು ಅರೆಮುಚ್ಚಿ ಕುಳಿತಿತ್ತು. ಬಾಲಕನು ಹಿಡಿಯಲು ಬಗ್ಗಿದನು. ಪಕ್ಕದಲ್ಲಿ ದುರ್ಬೀನು ಹಿಡಿದು ನಿಂತಿದ್ದ ವೃದ್ಧರೊಬ್ಬರು ತುಟಿಯ ಮೇಲೆ ಬೆರಳಿಟ್ಟು ಅವನನ್ನು ತಡೆದರು. ಅದು ಮ್ಯಾಗ್ನೋಲಿಯ ವಾರ್ಬ್ಲರ್ ಎಂದು ಅವರೇ ಮೆಲ್ಲಗೆ ತಿಳಿಸಿದರು. ಎಂಟೊಂಬತ್ತು ಗ್ರಾಂ ತೂಗುವ ಈ ಜೀವವು ಮಧ್ಯ ಅಮೆರಿಕದ ಕಡೆ ಚಳಿಗಾಲವನ್ನು ಕಳೆದು, ಉತ್ತರದ ಕಾಡುಗಳಲ್ಲಿ ಗೂಡು ಕಟ್ಟುವುದಕ್ಕಾಗಿ ಹೊರಟಿರುತ್ತದೆ. ರಾತ್ರಿಯೆಲ್ಲ ಹಾರಿ ಸರೋವರವನ್ನು ದಾಟಿ ಬರುವ ಹಕ್ಕಿಗಳಿಗೆ ಮೊದಲು ಸಿಕ್ಕುವ ನೆಲ ಇದು. ಅವುಗಳ ಪಾಲಿಗೆ ಈ ಭೂಶಿರವು ದಾರಿಬದಿಯ ಅರವಟ್ಟಿಗೆಯೇ ಸರಿ. ಅಲ್ಲಿದ್ದ ನಾವೆಲ್ಲರೂ ಉಸಿರು ಬಿಗಿಹಿಡಿದು ನಿಂತೆವು. ಸ್ವಲ್ಪ ಹೊತ್ತಿನ ಮೇಲೆ ಅದು ಕೊಡಹಿಕೊಂಡು ಎದ್ದು, ಸಣ್ಣದೊಂದು ಹುಳವನ್ನು ಹೆಕ್ಕಿ, ಪೊದೆಯೊಳಕ್ಕೆ ಹಾರಿತು. ನಮಗೆ ಹೋದ ಜೀವ ಬಂದಂತಾಯಿತು.

ಈ ಅರವಟ್ಟಿಗೆಯು ತಾನಾಗಿ ಉಳಿದು ಬಂದುದಲ್ಲ. ವನವೆಂದು ಹೆಸರಾದ ಮೇಲೆಯೂ ಇಲ್ಲಿ ಬಹುಕಾಲ ಮನೆಗಳೂ ಹಣ್ಣಿನ ತೋಟಗಳೂ ಇದ್ದವು. ಬಾತುಕೋಳಿಗಳ ಬೇಟೆಯು ೧೯೮೯ರವರೆಗೂ ನಡೆಯಿತು. ಕ್ರಮೇಣ ಮನೆಗಳನ್ನು ಕೊಂಡು ತೆಗೆದುಹಾಕಿ, ನೆಲವನ್ನು ಕಾಡಿಗೆ ಹಿಂದಕ್ಕೆ ಕೊಟ್ಟರು.

ಮರಳುನೆಲದ ಕಾಲುದಾರಿಯಲ್ಲಿ ನಮಗೆ ಹಳೆಯ ನೆಂಟರ ದರ್ಶನವೂ ಆಯಿತು. ನಮ್ಮ ಬೇಲಿಗಳಲ್ಲಿ ಯಾರಿಗೂ ಬೇಡವಾದ ಪಾಪಸುಕಳ್ಳಿಯ ಒಡಹುಟ್ಟು ಇಲ್ಲಿ ತಾನಾಗಿ ಬೆಳೆಯುತ್ತದೆ. ಕೆನಡಾದಲ್ಲಿ ಅಪರೂಪವಾದುದರಿಂದ ಅದನ್ನು ಜೋಪಾನವಾಗಿ ಕಾಯುತ್ತಾರೆ. ನಮ್ಮ ಎಕ್ಕದ ಕುಲಕ್ಕೆ ಸೇರಿದ ಹಾಲುಗಿಡವೂ ಇಲ್ಲುಂಟು. ಎಕ್ಕದೆಲೆಯನ್ನು ತಿಂದು ಬೆಳೆಯುವ ಚಿಟ್ಟೆಯೊಂದನ್ನು ನಾವೆಲ್ಲ ಬಲ್ಲೆವು. ಅದರ ದಾಯಾದಿಯಾದ ಮೊನಾರ್ಕ್ ಚಿಟ್ಟೆಯು ಈ ಹಾಲುಗಿಡವನ್ನು ತಿಂದು ಬೆಳೆದು, ಶರತ್ಕಾಲದಲ್ಲಿ ಇದೇ ತುದಿಯ ಮರಗಳಲ್ಲಿ ಗುಂಪುಗೂಡಿ, ಅನುಕೂಲವಾದ ಗಾಳಿಯನ್ನು ಕಾದು, ಮೆಕ್ಸಿಕೊ ದೇಶಕ್ಕೆ ಪ್ರಯಾಣ ಹೊರಡುತ್ತದೆ. ವಸಂತದಲ್ಲಿ ಬರುವವರಿಗೂ ಶರತ್ತಿನಲ್ಲಿ ಹೋಗುವವರಿಗೂ ಇದೊಂದೇ ಹೊಸ್ತಿಲು!

ಮಧ್ಯಾಹ್ನ ಜೌಗಿನ ಮೇಲೆ ಕಟ್ಟಿರುವ ಹಲಗೆಯ ದಾರಿಯಲ್ಲಿ ನಡೆದೆವು. ಎತ್ತ ನೋಡಿದರೂ ಜೊಂಡು. ಬಿದ್ದ ಮರದ ತುಂಡಿನ ಮೇಲೆ ಸಾಲಾಗಿ ಬಿಸಿಲು ಕಾಯಿಸುವ ಆಮೆಗಳು. ಸಂಜೆಯಾಗುತ್ತಲೇ, ನೀರಿಗಿಳಿಯಲು ಅನುಮತಿಯಿರುವ ಪಶ್ಚಿಮದ ದಡಕ್ಕೆ ಬಂದು ಕಾಲು ತೊಳೆದೆವು. ನೀರು ಕೊರೆಯುತ್ತಿತ್ತು. ಸಂಗಮದ ಪುಣ್ಯವು ತಪ್ಪಿತಲ್ಲಾ ಎಂದು ನಾವು ನಗುತ್ತಿರುವಾಗ, ಬಾಲಕನು ತುದಿಯತ್ತ ನೋಡುತ್ತ, “ಆ ಹಕ್ಕಿ ಇಂದು ರಾತ್ರಿಯೂ ಹಾರಬೇಕೆ?” ಎಂದು ಕೇಳಿದನು. ಹಾರಬೇಕೆಂದೆವು. “ಹಾಗಾದರೆ ನಾವು ಅದನ್ನು ಎಬ್ಬಿಸದಿದ್ದುದೇ ಒಳ್ಳೆಯದಾಯಿತು” ಎಂದನು. ಬಂದ ಪುಣ್ಯ ಅಷ್ಟೇ ಸಾಕೆಂದುಕೊಂಡು ಮೋಟಾರನ್ನೇರಿದೆವು.