ಯಾವ ಕಡೆ?

ಎಂ.ಎಸ್. ಸತ್ಯು ಅಂದ್ರೆ ಎಲ್ಲರಿಗೂ 'ಗರಂ ಹವಾ' ನೆನಪಾಗುತ್ತೆ. ನನಗೆ ಮಾತ್ರ ಅವರು ಮೊದಲು ನಾಟಕದವರು. 1930ರಲ್ಲಿ ಮೈಸೂರಿನಲ್ಲಿ ಹುಟ್ಟಿ, 1952ರಲ್ಲಿ ಬಿ.ಎಸ್ಸಿ. ಅರ್ಧಕ್ಕೇ ಬಿಟ್ಟು ಮುಂಬೈ ಸೇರಿದವರು. ಆಮೇಲೆ ದೆಹಲಿಯಲ್ಲಿ ಖುದ್ಸಿಯಾ ಜೈದಿಯವರ ಹಿಂದೂಸ್ತಾನಿ ಥಿಯೇಟರ್, ಅವರ ಮಗಳು ಶಮಾ ಜೈದಿ ಜೊತೆ ಮದುವೆ, ಮುಂಬೈಯ ಇಪ್ಟಾ. ಕನ್ನಡದ ಮನೆಯಲ್ಲಿ ಬೆಳೆದವರಿಗೆ ಉರ್ದು ಎರಡನೇ ಮನೆಯಾಯ್ತು.

ನನಗೆ ಎರಡೂ ಶ್ರೀರಂಗಪಟ್ಟಣದಲ್ಲೇ ಸಿಕ್ಕವು. ಮನೆಯೊಳಗೆ ಕನ್ನಡ, ಬೀದಿಗಿಳಿದ್ರೆ ಗೋಲಿಯಾಟದ ಜಗಳವೆಲ್ಲ ಉರ್ದುವಿನಲ್ಲಿ. ಕರಿಘಟ್ಟ ಹತ್ತಿ, ವೆಂಕಟರಮಣನಿಗೆ ಕೈಮುಗಿದು ಈಚೆ ಬಂದು ನಿಂತ್ರೆ ರಂಗನಾಥನ ಗೋಪುರ, ಮಸೀದಿಯ ಮಿನಾರು ಒಂದೇ ನೋಟಕ್ಕೆ ಕಾಣ್ತವೆ. ಅದರಲ್ಲೇನೋ ವಿಶೇಷ ಇದೆ ಅಂತ ಆಗ ಯಾರಿಗೂ ಅನ್ನಿಸಿರಲಿಲ್ಲ. ಈಗ ಊರಿಗೆ ಹೋದ್ರೆ 'ನೀನು ಯಾವ ಕಡೆ?' ಅಂತ ಕೇಳೋರಿದ್ದಾರೆ. ಜೊತೆಗೆ ಗೋಲಿ ಆಡಿದ ಗೆಳೆಯ ಅಳೆದೂ ತೂಗಿ ಮಾತಾಡ್ತಾನೆ.

ಸತ್ಯು ಇಪ್ಟಾಗೆ ಮಾಡಿಸಿದ 'ಬಕ್ರಿ' ನಾಟಕದಲ್ಲಿ ಕಳ್ಳರು ಯಾವುದೋ ಒಂದು ಮೇಕೆಯನ್ನು ಗಾಂಧೀಜಿಯ ಮೇಕೆ ಅಂತ ನಂಬಿಸಿ ಹಳ್ಳಿಯವರನ್ನು ದೋಚ್ತಾರೆ. ಪೂಜೆ ಯಾವುದಕ್ಕೋ, ಜೇಬು ತುಂಬೋದು ಯಾರದೋ! 'ಗರಂ ಹವಾ'ದ ಸಲೀಂ ಮಿರ್ಜಾ ಪಾಕಿಸ್ತಾನಕ್ಕೆ ಹೊರಟವನು, ದಾರಿಯಲ್ಲಿ ಕೆಲಸ ಕೇಳುವವರ ಮೆರವಣಿಗೆ ಕಂಡು ಟಾಂಗಾದಿಂದ ಇಳಿದು ಅದರೊಳಗೆ ಸೇರಿಕೊಳ್ತಾನೆ. ಯಾವ ಕಡೆ ಅನ್ನೋದಕ್ಕೆ ನನಗೆ ಸಿಕ್ಕಿರೋ ಉತ್ತರ ಅದೊಂದೇ.

ಮುಂದಿನ ಸಲ ಊರಿಗೆ ಹೋದಾಗ ಆ ಗೆಳೆಯನನ್ನು ಕೂರಿಸಿಕೊಂಡು ಈ ಸಿನಿಮಾ ನೋಡ್ಬೇಕು. ಬರ್ತಾನೋ ಇಲ್ವೋ ಗೊತ್ತಿಲ್ಲ. ಕರೆಯೋದಂತೂ ಕರೀತೀನಿ. ನೀವೂ ನೋಡಿಲ್ಲದಿದ್ರೆ ನೋಡಿ.